ನಡುದಾರಿಯಲ್ಲಿರುವ ಕಡತ

ಕಾಲೇಜಿನ ಪ್ರಯೋಗಶಾಲೆಗೆ ಒಂದು ಆಸಿಲೋಸ್ಕೋಪು ಬೇಕಾಗಿದೆಯೆಂದು ಇಟ್ಟುಕೊಳ್ಳೋಣ. ಅಧ್ಯಾಪಕರು ಬೇಡಿಕೆಯ ಪತ್ರವನ್ನು ಬರೆಯುವರು. ವಿಭಾಗದ ಮುಖ್ಯಸ್ಥರು ಅದಕ್ಕೆ ರುಜು ಹಾಕುವರು. ಲೆಕ್ಕಪತ್ರ ಶಾಖೆಯವರು ಹಣವಿದೆಯೆ ಎಂದು ನೋಡಿ ಒಪ್ಪಿಗೆ ಸೂಚಿಸುವರು. ಕಡೆಗೆ ಪ್ರಾಂಶುಪಾಲರ ಮಂಜೂರಾತಿ ದೊರೆತ ಮೇಲೆ ಉಪಕರಣವನ್ನು ತರಿಸಲಾಗುವುದು. ಹಿಂದೆ ಈ ಕಾಗದವು ದಾರ ಕಟ್ಟಿದ ಕಡತದೊಳಗೆ ಕುಳಿತು, ಜವಾನನ ಕೈಯಲ್ಲಿ ಮೇಜಿನಿಂದ ಮೇಜಿಗೆ ಸಾಗುತ್ತಿತ್ತು. ಈಗ ಅನೇಕ ಕಚೇರಿಗಳಲ್ಲಿಯೂ ವ್ಯಾಪಾರ ಸಂಸ್ಥೆಗಳಲ್ಲಿಯೂ ಅದು ಗಣಕಯಂತ್ರದೊಳಗೇ ಸಾಗುತ್ತದೆ. ಒಬ್ಬರು ಒಪ್ಪಿದ ಒಡನೆಯೇ ಅದನ್ನು ಯಾರ ಮುಂದೆ ಇಡಬೇಕೆಂಬುದನ್ನು ತಂತ್ರಾಂಶವೇ ನೋಡಿಕೊಳ್ಳುವುದು.

ಇಷ್ಟರಲ್ಲಿ ನಿಯಮ ಬದಲಾಯಿತೆನ್ನಿ. ೫೦,೦೦೦ ರೂಪಾಯಿಗಳನ್ನು ಮೀರಿದ ಖರೀದಿಗೆ ಇನ್ನು ಮುಂದೆ ಖರೀದಿ ಸಮಿತಿಯ ಒಪ್ಪಿಗೆಯೂ ಬೇಕೆಂದು ಆಜ್ಞೆಯಾಯಿತು. ನಾಳೆ ಹೊರಡುವ ಬೇಡಿಕೆಗಳ ವಿಷಯದಲ್ಲಿ ತೊಡಕೇನೂ ಇಲ್ಲ. ಆದರೆ ಮೊನ್ನೆಯೇ ಹೊರಟು, ಇಂದು ನಡುದಾರಿಯಲ್ಲಿರುವ ಕಡತದ ಗತಿಯೇನು? ನೋಡುವುದಕ್ಕೆ ಗುಮಾಸ್ತರ ಪ್ರಶ್ನೆಯಂತೆ ತೋರುವ ಇದರೊಳಗೆ ಸೊಗಸಾದ ಗಣಿತವೊಂದು ಅಡಗಿದೆ.

ಮೊದಲಿಗೆ ಎರಡು ವಸ್ತುಗಳನ್ನು ಬೇರ್ಪಡಿಸಿ ನೋಡಬೇಕು. ಕಡತಗಳು ಸಾಗಬೇಕಾದ ಮಾರ್ಗದ ವಿವರಣೆ ಒಂದು. ಇದನ್ನು ನಕ್ಷೆಯೆಂದು ಕರೆಯೋಣ. ಆ ಮಾರ್ಗದಲ್ಲಿ ಸಾಗುತ್ತಿರುವ ಒಂದೊಂದು ಬೇಡಿಕೆಯೂ ಒಂದೊಂದು ಪ್ರಕರಣ. ನಕ್ಷೆಯನ್ನು ತಿದ್ದಿದಾಗಲೆಲ್ಲ ಅದರ ಹೊಸ ಆವೃತ್ತಿಯೊಂದು ಹುಟ್ಟುವುದು. ವರ್ಗಮೂಲವನ್ನು ಕಂಡುಹಿಡಿಯುವ ತಂತ್ರಾಂಶವನ್ನು ಬದಲಾಯಿಸಿದರೆ ಈ ತೊಂದರೆಯಿಲ್ಲ. ಲೆಕ್ಕವು ಕ್ಷಣಾರ್ಧದಲ್ಲಿ ಮುಗಿಯುವುದರಿಂದ ನಡುವೆ ಸಿಕ್ಕಿಬೀಳುವುದಕ್ಕೆ ಏನೂ ಇರುವುದಿಲ್ಲ. ಒಪ್ಪಿಗೆಯ ಕೆಲಸವಾದರೋ ದಿನಗಳನ್ನು, ವಾರಗಳನ್ನು, ಕೆಲವು ವೇಳೆ ತಿಂಗಳುಗಳನ್ನೇ ತೆಗೆದುಕೊಳ್ಳುವುದು. ಆದುದರಿಂದ ನಕ್ಷೆ ಬದಲಾಗುವ ದಿನ ಎಷ್ಟೋ ಪ್ರಕರಣಗಳು ದಾರಿಯಲ್ಲಿಯೇ ಇರುವುವು. ರೈಲುಗಾಡಿಯ ಮುಂದಿನ ಡಬ್ಬಿಗಳು ಕವಲುಹಳಿಯನ್ನು ದಾಟಿದ ಮೇಲೆ ಹಳಿಯನ್ನು ತಿರುಗಿಸಿದರೆ ಹಿಂದಿನ ಡಬ್ಬಿಗಳು ಬೇರೆ ದಾರಿ ಹಿಡಿಯುವುವಲ್ಲವೆ? ಗಾಡಿಯು ದಾಟಿಹೋಗುವವರೆಗೆ ಕವಲುಹಳಿ ಅಲುಗದಂತೆ ಬಂಧಿಸುವ ಏರ್ಪಾಡು ರೈಲ್ವೆಯಲ್ಲಿ ಇರುವುದು ಈ ಕಾರಣದಿಂದಲೇ.

ಈ ಪ್ರಶ್ನೆಯು ಗಣಕಯಂತ್ರಕ್ಕಿಂತಲೂ ಹಳೆಯದು. ನಮ್ಮ ದೇಶದ ೧೮೯೭ರ ಸಾಮಾನ್ಯ ಖಂಡಗಳ ಅಧಿನಿಯಮದ ೬ನೆಯ ಪ್ರಕರಣದ ಪ್ರಕಾರ, ಒಂದು ಕಾನೂನು ರದ್ದಾದರೂ, ಬೇರೆ ಉದ್ದೇಶವು ಕಂಡುಬರದಿದ್ದಲ್ಲಿ, ಅದರ ಅಡಿಯಲ್ಲಿ ಆಗಲೇ ಉಂಟಾದ ಹಕ್ಕುಗಳಿಗೂ ಹೊಣೆಗಳಿಗೂ ಚ್ಯುತಿಯಿಲ್ಲ. ೨೦೨೪ರ ಜುಲೈ ೧ರಂದು ೧೯೭೩ರ ದಂಡ ಪ್ರಕ್ರಿಯಾ ಸಂಹಿತೆಯ ಸ್ಥಾನದಲ್ಲಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯು ಜಾರಿಗೆ ಬಂದಾಗಲೂ, ಅಷ್ಟರಲ್ಲಿ ಆರಂಭವಾಗಿದ್ದ ತನಿಖೆಗಳೂ ವಿಚಾರಣೆಗಳೂ ಹಳೆಯ ಸಂಹಿತೆಯಂತೆಯೇ ಮುಗಿಯಬೇಕೆಂದು ಹೊಸದರ ೫೩೧ನೆಯ ಪ್ರಕರಣವು ವಿಧಿಸಿತು. ಅಂದರೆ ಹಳೆಯ ಆವೃತ್ತಿಯೂ ಹೊಸ ಆವೃತ್ತಿಯೂ ಕೆಲವು ಕಾಲ ಜೊತೆಯಾಗಿಯೇ ಬದುಕಬೇಕಾಗುವುದು.

ಇನ್ನು ಗಣಿತಕ್ಕೆ ಬರೋಣ. ಜರ್ಮನಿಯ ಕಾರ್ಲ್ ಆಡಂ ಪೆಟ್ರಿಯವರು ೧೯೬೨ರಲ್ಲಿ ತಮ್ಮ ಡಾಕ್ಟರೇಟ್ ಪ್ರಬಂಧದಲ್ಲಿ ಮಂಡಿಸಿದ ವಿಚಾರಗಳಿಂದ ಪೆಟ್ರಿ ಜಾಲವೆಂಬ ಸಾಧನವು ಬೆಳೆದುಬಂದಿತು. ಇದರಲ್ಲಿ ಸ್ಥಿತಿಗಳನ್ನು ವೃತ್ತಗಳಿಂದಲೂ ಕ್ರಿಯೆಗಳನ್ನು ಪಟ್ಟಿಗಳಿಂದಲೂ ತೋರಿಸುವರು. ವೃತ್ತಗಳಲ್ಲಿರುವ ಬಿಲ್ಲೆಗಳು ಪ್ರಕರಣವು ಎಲ್ಲಿಯವರೆಗೆ ಬಂದಿದೆಯೆಂಬುದನ್ನು ತಿಳಿಸುವುವು. ಹಾಗಾದರೆ ನಮ್ಮ ಪ್ರಶ್ನೆಯ ರೂಪ ಹೀಗಾಗುವುದು: ಜಾಲವನ್ನು ಬದಲಾಯಿಸಿದಾಗ, ಹಳೆಯ ಜಾಲದ ಬಿಲ್ಲೆಗಳನ್ನು ಹೊಸ ಜಾಲದಲ್ಲಿ ಎಲ್ಲಿ ಇಡಬೇಕು?

ವಾಚಕರು ಒಂದು ಕಾಗದದ ಮೇಲೆ ಬರೆದುಕೊಂಡು ನೋಡಲಿ. ಹಳೆಯ ನಕ್ಷೆಯಲ್ಲಿ ಬೇಡಿಕೆಯು ಮುಖ್ಯಸ್ಥರಿಗೂ ಲೆಕ್ಕಪತ್ರ ಶಾಖೆಗೂ ಏಕಕಾಲದಲ್ಲಿ ಹೋಗುತ್ತಿತ್ತು. ಆಗ ಸಾಧ್ಯವಾದ ಸ್ಥಿತಿಗಳು ೪: ಇಬ್ಬರೂ ಒಪ್ಪಿಲ್ಲ, ಮುಖ್ಯಸ್ಥರು ಮಾತ್ರ ಒಪ್ಪಿದ್ದಾರೆ, ಲೆಕ್ಕಪತ್ರ ಶಾಖೆ ಮಾತ್ರ ಒಪ್ಪಿದೆ, ಇಬ್ಬರೂ ಒಪ್ಪಿದ್ದಾರೆ. ಹೊಸ ನಕ್ಷೆಯಲ್ಲಿ ಮೊದಲು ಲೆಕ್ಕಪತ್ರ ಶಾಖೆ, ಅನಂತರ ಮುಖ್ಯಸ್ಥರು ಎಂಬ ಕ್ರಮವಿದೆ. ಇಲ್ಲಿ ಸಾಧ್ಯವಾದ ಸ್ಥಿತಿಗಳು ೩ ಮಾತ್ರ. ಮುಖ್ಯಸ್ಥರು ಒಪ್ಪಿ, ಲೆಕ್ಕಪತ್ರ ಶಾಖೆ ಒಪ್ಪದಿರುವ ಪ್ರಕರಣಕ್ಕೆ ಹೊಸ ನಕ್ಷೆಯಲ್ಲಿ ಸ್ಥಾನವೇ ಇಲ್ಲ! ಅದನ್ನು ಆರಂಭದಲ್ಲಿಟ್ಟರೆ ಮುಖ್ಯಸ್ಥರು ಎರಡು ಸಲ ರುಜು ಹಾಕಬೇಕಾಗುವುದು. ಮುಂದಕ್ಕೆ ಸರಿಸಿದರೆ ಹಣವಿದೆಯೆ ಎಂದು ಯಾರೂ ನೋಡದೆಯೇ ಖರೀದಿ ನಡೆದುಹೋಗುವುದು. ಒಪ್ಪಬೇಕಾದವರು ೫ ಮಂದಿಯಾದರೆ ಏಕಕಾಲದ ನಕ್ಷೆಯಲ್ಲಿ ೩೨ ಸ್ಥಿತಿಗಳು, ಕ್ರಮದ ನಕ್ಷೆಯಲ್ಲಿ ಕೇವಲ ೬. ಉಳಿದ ೨೬ಕ್ಕೆ ನೆಲೆಯಿಲ್ಲ. ಈ ದೋಷವನ್ನು ಎಲಿಸ್, ಕೆದ್ದಾರ, ರೋಜನ್‌ಬರ್ಗ್ ಎಂಬ ಮೂವರು ವಿಜ್ಞಾನಿಗಳು ೧೯೯೫ರಲ್ಲಿ ಪೆಟ್ರಿ ಜಾಲಗಳ ಸಹಾಯದಿಂದ ವಿಶದವಾಗಿ ವಿವೇಚಿಸಿದರು.

ಪರಿಹಾರಗಳು ಮುಖ್ಯವಾಗಿ ಮೂರು. ಮೊದಲನೆಯದು, ಹಳೆಯದು ಹಳೆಯ ದಾರಿಯಲ್ಲಿ, ಹೊಸದು ಹೊಸ ದಾರಿಯಲ್ಲಿ ಎಂಬ ಕ್ರಮ. ಕಮುಂಡ ಎಂಬ ತಂತ್ರಾಂಶದಲ್ಲಿ, ಬೇರೆ ಏರ್ಪಾಡು ಮಾಡದಿದ್ದರೆ, ಹೀಗೆಯೇ ನಡೆಯುವುದು. ಇದು ಸುರಕ್ಷಿತವಾದರೂ ಹಲವು ಆವೃತ್ತಿಗಳನ್ನು ಒಟ್ಟಿಗೆ ಸಾಕಬೇಕಾದ ಹೊರೆಯುಂಟು. ಮೇಲಾಗಿ ಹಳೆಯ ನಿಯಮದಲ್ಲಿಯೇ ಲೋಪವಿದ್ದರೆ ಅದನ್ನು ಮುಂದುವರಿಸುವುದು ತರವಲ್ಲ. ಎರಡನೆಯದು, ಹಳೆಯ ನಕ್ಷೆಯ ಯಾವ ಸ್ಥಾನವು ಹೊಸದರ ಯಾವ ಸ್ಥಾನಕ್ಕೆ ಸಮವೆಂಬ ಪಟ್ಟಿಯನ್ನು ಮಾಡಿ, ಪ್ರಕರಣಗಳನ್ನು ವರ್ಗಾಯಿಸುವುದು. ನೆಲೆಯಿಲ್ಲದ ಸ್ಥಿತಿಯಲ್ಲಿರುವುವನ್ನು ಬಲವಂತವಾಗಿ ಸರಿಸದೆ, ಅವು ನೆಲೆಯುಳ್ಳ ಸ್ಥಿತಿಗೆ ಬರುವವರೆಗೆ ಕಾಯಬೇಕು. ನಮ್ಮ ಉದಾಹರಣೆಯಲ್ಲಿ ಲೆಕ್ಕಪತ್ರ ಶಾಖೆಯವರು ಒಪ್ಪಿದೊಡನೆಯೇ ತೊಡಕು ತಾನಾಗಿ ಬಿಡಿಸಿಹೋಗುವುದು. ಮೂರನೆಯದು, ಎಲ್ಲವನ್ನೂ ನಿಲ್ಲಿಸಿ ಮೊದಲಿನಿಂದ ಆರಂಭಿಸುವುದು. ಯಂತ್ರಕ್ಕೆ ಇದು ಅತಿ ಸುಲಭ. ಕಾಯುತ್ತಿರುವ ಮನುಷ್ಯನಿಗೆ ಅತಿ ಕಷ್ಟ.

ಭೌತವಿಜ್ಞಾನದ ವಿದ್ಯಾರ್ಥಿಗಳಿಗೆ ರುಚಿಸುವ ಇನ್ನೊಂದು ವಿಧಾನವುಂಟು. ಟೆಂಪೊರಲ್ ಮೊದಲಾದ ಕೆಲವು ವ್ಯವಸ್ಥೆಗಳು ನಡೆದ ಘಟನೆಗಳನ್ನೆಲ್ಲ ಅನುಕ್ರಮವಾಗಿ ಬರೆದಿಟ್ಟು, ಬೇಕಾದಾಗ ಆರಂಭದಿಂದ ಮತ್ತೊಮ್ಮೆ ನಡೆಸಿ ನೋಡಿ, ಪ್ರಕರಣವು ಎಲ್ಲಿದೆಯೆಂಬುದನ್ನು ಕಂಡುಕೊಳ್ಳುತ್ತವೆ. ಆರಂಭದ ಸ್ಥಿತಿಯೂ ಚಲನೆಯ ನಿಯಮವೂ ತಿಳಿದಿದ್ದರೆ ಗ್ರಹದ ಸ್ಥಾನವನ್ನು ಗಣಿಸಬಹುದಷ್ಟೆ, ಇದೂ ಹಾಗೆಯೇ. ಆದರೆ ನಡುವೆ ನಿಯಮವನ್ನೇ ತಿದ್ದಿದರೆ ಗಣನೆಯು ದಾಖಲೆಯೊಡನೆ ತಾಳೆಯಾಗುವುದಿಲ್ಲ. ಆಗ ವ್ಯವಸ್ಥೆಯು ಊಹೆಯಿಂದ ಮುಂದುವರಿಯದೆ ದೋಷವನ್ನು ಸಾರಿ ನಿಲ್ಲುವುದು. ಆದುದರಿಂದ ತಂತ್ರಾಂಶದೊಳಗೆ ಒಂದು ಗುರುತನ್ನು ನೆಟ್ಟು, ಆ ಸ್ಥಳವನ್ನು ಆಗಲೇ ಹಳೆಯ ರೀತಿಯಲ್ಲಿ ದಾಟಿದವುಗಳಿಗೆ ಹಳೆಯ ದಾರಿ, ಮಿಕ್ಕವುಗಳಿಗೆ ಹೊಸ ದಾರಿ ಎಂದು ವಿಧಿಸಬೇಕಾಗುವುದು.

ಆವೃತ್ತಿಗಳ ಎಚ್ಚರ ತಪ್ಪಿದರೆ ಏನಾಗಬಹುದು? ಒಪ್ಪಿಗೆಯ ಕಡತಗಳಿಗೆ ಸಂಬಂಧಿಸಿದುದಲ್ಲವಾದರೂ, ಅಮೆರಿಕದಲ್ಲಿ ೨೦೧೨ರ ಆಗಸ್ಟ್ ೧ರಂದು ನಡೆದ ಘಟನೆಯು ಇಲ್ಲಿ ಸ್ಮರಣೀಯ. ನೈಟ್ ಕ್ಯಾಪಿಟಲ್ ಎಂಬ ಷೇರು ವ್ಯಾಪಾರ ಸಂಸ್ಥೆಯು ಹೊಸ ತಂತ್ರಾಂಶವನ್ನು ತನ್ನ ೮ ಗಣಕಯಂತ್ರಗಳಲ್ಲಿ ಸ್ಥಾಪಿಸಬೇಕಾಗಿತ್ತು, ೧ ಉಳಿದುಹೋಯಿತು. ೨೦೦೩ರಿಂದ ಬಳಕೆಯಲ್ಲಿಲ್ಲದ ಹಳೆಯ ಭಾಗವೊಂದು ಅದರಲ್ಲಿ ಹಾಗೆಯೇ ಇದ್ದಿತು. ಆ ಭಾಗವನ್ನು ಎಬ್ಬಿಸುವ ಹಳೆಯ ಸಂಕೇತವನ್ನೇ ಹೊಸ ತಂತ್ರಾಂಶದ ಕೆಲಸಕ್ಕೂ ಬಳಸಿದ್ದರು. ೭ ಯಂತ್ರಗಳು ಸಂಕೇತಕ್ಕೆ ಹೊಸ ಅರ್ಥವನ್ನು ಮಾಡಿದುವು. ೮ನೆಯದು ಹಳೆಯ ಅರ್ಥವನ್ನೇ ಮಾಡಿ, ಗಿರಾಕಿಗಳ ೨೧೨ ಆದೇಶಗಳಿಗಾಗಿ ನಿಲ್ಲದೆ ಷೇರುಗಳನ್ನು ಕೊಂಡು ಮಾರತೊಡಗಿತು. ಸುಮಾರು ೪೫ ನಿಮಿಷಗಳಲ್ಲಿ ೪೦ ಲಕ್ಷಕ್ಕೂ ಮೀರಿದ ವ್ಯವಹಾರಗಳು ನಡೆದು, ಸಂಸ್ಥೆಗೆ ೪೬ ಕೋಟಿ ಡಾಲರುಗಳಿಗಿಂತಲೂ ಹೆಚ್ಚು ನಷ್ಟವಾಯಿತು.

ಇದರಿಂದ ಕೆಲವು ಸರಳವಾದ ಸೂತ್ರಗಳು ದೊರೆಯುತ್ತವೆ. ಪ್ರತಿಯೊಂದು ಆವೃತ್ತಿಗೂ ಕ್ರಮಸಂಖ್ಯೆ ಇರಬೇಕು; ಒಂದು ಗುರುತಿಗೆ ಎಂದೆಂದಿಗೂ ಎರಡು ಅರ್ಥಗಳನ್ನು ಕೊಡಬಾರದು. ಹಳೆಯ ದಾರಿಯಲ್ಲಿ ಕೊನೆಯ ಪ್ರಕರಣವು ಹೊರಬೀಳುವವರೆಗೆ ಅದನ್ನು ಕೀಳಬಾರದು. ಹೊರಬಿದ್ದ ಮೇಲೆ ಯಂತ್ರದಲ್ಲಿ ಉಳಿಸಲೂ ಬಾರದು. ಆದರೆ ಅದರ ಪ್ರತಿಯನ್ನು ದಾಖಲೆಯಲ್ಲಿ ಕಾಪಾಡಬೇಕು. ಏಕೆಂದರೆ ಒಂದು ರುಜುವಿನ ಜೊತೆಗೆ, ಅದನ್ನು ಯಾವ ಆವೃತ್ತಿಯ ನಿಯಮದಂತೆ ಹಾಕಲಾಯಿತೆಂಬುದೂ ತಿಳಿಯದಿದ್ದರೆ, ಹತ್ತು ವರ್ಷಗಳ ಅನಂತರ ಲೆಕ್ಕ ಪರಿಶೋಧಕರು ಅದನ್ನು ತಪ್ಪೆನ್ನಲೂ ಸರಿಯೆನ್ನಲೂ ಆಗುವುದಿಲ್ಲ.

ಆಸಿಲೋಸ್ಕೋಪು ಒಂದು ತಿಂಗಳು ತಡವಾಗಿ ಬಂದರೆ ಪ್ರಯೋಗವೊಂದು ಮುಂದಕ್ಕೆ ಹೋಗಬಹುದು, ಅಷ್ಟೆ. ಆದರೆ ಅದೇ ಬಗೆಯ ನಕ್ಷೆಯಲ್ಲಿ ವಿದ್ಯಾರ್ಥಿವೇತನದ ಅರ್ಜಿಗಳೂ ಸಾಗುತ್ತವೆ. ಜೂನ್ ತಿಂಗಳಿನಲ್ಲಿ ಆಗಿನ ನಿಯಮದಂತೆ ಎಲ್ಲ ಪತ್ರಗಳನ್ನೂ ಒದಗಿಸಿದ ವಿದ್ಯಾರ್ಥಿನಿಯ ಅರ್ಜಿಯು, ಜುಲೈಯಲ್ಲಿ ನಕ್ಷೆ ಬದಲಾದುದರಿಂದ ನೆಲೆಯಿಲ್ಲದ ೨೬ ಸ್ಥಿತಿಗಳಲ್ಲೊಂದಕ್ಕೆ ಸಿಲುಕಿತೆಂದುಕೊಳ್ಳಿ. ಯಾವ ಅಧಿಕಾರಿಯ ಮುಂದೆಯೂ ಅದು ಕಾಣಿಸದು; ಯಾರೂ ಅದನ್ನು ತಿರಸ್ಕರಿಸಿಯೂ ಇರುವುದಿಲ್ಲ. ಪರದೆಯ ಮೇಲೆ ಅವಳಿಗೆ ಕಾಣುವುದು “ಪರಿಶೀಲನೆಯಲ್ಲಿದೆ” ಎಂಬ ಒಂದೇ ಮಾತು. ಶುಲ್ಕ ಕಟ್ಟುವ ಕೊನೆಯ ದಿನವಾದರೋ ಕಾಯುವುದಿಲ್ಲ. ನಮ್ಮ ವಾಚಕರಲ್ಲಿ ಕೆಲವರು ಮುಂದೆ ಇಂತಹ ತಂತ್ರಾಂಶಗಳನ್ನು ರಚಿಸುವವರಾಗಬಹುದು. ಹೊಸ ನಕ್ಷೆಯನ್ನು ಬರೆದ ಮೇಲೆ, ಹಳೆಯ ನಕ್ಷೆಯ ಒಂದೊಂದು ಸ್ಥಿತಿಯನ್ನೂ ಎಣಿಸಿ, ಪ್ರತಿಯೊಂದಕ್ಕೂ ಹೊಸದರಲ್ಲಿ ಒಂದು ಸ್ಥಳವನ್ನು ತೋರಿಸಿದ ಹೊರತು ಅದನ್ನು ಜಾರಿಗೆ ತರಬಾರದೆಂಬುದನ್ನು ಅವರು ಈಗಲೇ ನೆನಪಿನಲ್ಲಿಡಲಿ.