ಎಡಗನ್ನಡಿಗೆ ಕಾಣದ ಜಾಗ

ಕೊಪ್ಪಳ ಜಿಲ್ಲೆಯ ಸಿದ್ದಾಪುರ ನನ್ನ ಹುಟ್ಟೂರು. ಗಂಗಾವತಿಯಿಂದ ಕಾರಟಗಿಗೆ ಹೋಗುವ ದಾರಿಯಲ್ಲಿ, ತುಂಗಭದ್ರಾ ಎಡದಂಡೆ ನಾಲೆಯ ನೀರನ್ನು ನಂಬಿದ ಭತ್ತದ ಸೀಮೆಯಲ್ಲಿದೆ. ಸರ್ಕಾರಿ ಸೇವೆಯಿಂದ ನಿವೃತ್ತನಾಗಿ ಇಲ್ಲಿಗೆ ಮರಳಿದ ಮೇಲೆ ನನಗೆ ಅಂಟಿಕೊಂಡ ಹವ್ಯಾಸವೆಂದರೆ ಕಟ್ಟೆಯ ಮೇಲೆ ಕುಳಿತು ಲಾರಿಗಳನ್ನು ನೋಡುವುದು. ಅಕ್ಕಿ ಗಿರಣಿಗಳಿಗೆ ಹೋಗಿಬರುವ ಹತ್ತು ಗಾಲಿಯ ಲಾರಿಗಳ ನಡುವೆ ಈಚೆಗೆ ಉದ್ದನೆಯ ಟ್ರೇಲರ್‌ಗಳೂ ಕಾಣಿಸುತ್ತವೆ.

ನೆರೆಮನೆಯ ಹುಡುಗನೊಬ್ಬ ಐದು ವರ್ಷ ಹತ್ತು ಗಾಲಿಯ ಲಾರಿ ಓಡಿಸಿದವನು. ಕಳೆದ ಸುಗ್ಗಿಯಲ್ಲಿ ಟ್ರೇಲರ್ ಕಲಿಯಲು ಹೊರಟ. ಕಲಿಸುವವರು ಮೂವತ್ತು ವರ್ಷ ಸ್ಟಿಯರಿಂಗ್ ಹಿಡಿದ ಹಿರಿಯ ಚಾಲಕರು. ಹುಡುಗ ಅವರನ್ನು ‘ಉಸ್ತಾದ’ ಎಂದೇ ಕರೆಯುತ್ತಾನೆ. ನಾನೂ ಬರಬಹುದೇ ಎಂದು ಕೇಳಿದೆ. ‘ಬರ್ರೀ ಸಾಹೇಬ್ರ, ಆದ್ರ ನಡುವ ಮಾತಾಡಬ್ಯಾಡ್ರಿ’ ಎಂದರು. ಸಭೆಗಳಲ್ಲಿ ಮಾತನಾಡಿಯೇ ಸಂಬಳ ಪಡೆದವನಿಗೆ ಅದು ಕಠಿಣ ಷರತ್ತೇ.

ಟ್ರೇಲರ್ ಎಂದರೆ ಉದ್ದವಾದ ಲಾರಿಯಲ್ಲ, ನಡುವೆ ಕೀಲಿರುವ ಲಾರಿ ಎಂಬುದು ಅಂದು ನಾನು ಕಲಿತ ಮೊದಲ ಪಾಠ. ಎಂಜಿನ್ ಇರುವ ಮುಂಭಾಗವನ್ನು ಹಿಂದಿ ಸೀಮೆಯ ಚಾಲಕರು ‘ಘೋಡಾ’ ಎನ್ನುತ್ತಾರೆ. ಸರಕು ಹೊತ್ತ ಹಿಂಭಾಗ ಕಿಂಗ್ ಪಿನ್ ಎಂಬ ಒಂದೇ ಗೂಟದ ಮೇಲೆ ಅದಕ್ಕೆ ಕೂಡಿಕೊಂಡಿರುತ್ತದೆ. ಕುದುರೆ ಹೋದ ದಾರಿಯಲ್ಲೇ ಬಂಡಿ ಬರುವುದಿಲ್ಲ. ತಿರುವಿನಲ್ಲಿ ಹಿಂದಿನ ಗಾಲಿಗಳು ಮುಂದಿನ ಗಾಲಿಗಳ ಜಾಡು ಬಿಟ್ಟು ಒಳಗೆ ಸರಿಯುತ್ತವೆ. ಬಿಗಿಯಾದ ತಿರುವಿನಲ್ಲಿ ಈ ಅಂತರ ಎರಡು ಮೂರು ಮೀಟರ್ ಆಗುವುದುಂಟು. ಆದ್ದರಿಂದ ಎಡಕ್ಕೆ ತಿರುಗಬೇಕಾದವನು ಮೊದಲು ಬಲಕ್ಕೆ ಹೋಗಬೇಕು. ಹಿಂದೆ ಬರುವ ಬೈಕ್ ಸವಾರ ಅದನ್ನು ತನಗೆ ಬಿಟ್ಟುಕೊಟ್ಟ ದಾರಿ ಎಂದು ತಿಳಿದು ಎಡಕ್ಕೆ ನುಗ್ಗುತ್ತಾನೆ. ಅವನು ನುಗ್ಗಿದ ಜಾಗಕ್ಕೇ ಹಿಂದಿನ ಗಾಲಿಗಳು ಬರುತ್ತವೆ.

ನೇರ ರಸ್ತೆಯೂ ಸುಲಭವಲ್ಲ. ನಮ್ಮ ದ್ವಿಪಥ ಹೆದ್ದಾರಿಯ ಒಂದು ಪಥದ ಅಗಲ ಮೂರೂವರೆ ಮೀಟರ್. ಕಾನೂನು ಒಪ್ಪುವ ವಾಹನದ ಅಗಲ 2.6 ಮೀಟರ್. ಉಳಿಯುವುದು ಆಚೆ ನಲವತ್ತೈದು, ಈಚೆ ನಲವತ್ತೈದು ಸೆಂಟಿಮೀಟರ್. ಚಾಲಕ ಕೂರುವುದು ಬಲಬದಿಯಲ್ಲಿ. ಹೀಗಾಗಿ ಹೊಸಬನಿಗೆ ಎದುರು ವಾಹನದ ಭಯವೇ ಹೆಚ್ಚು. ಅರಿವಿಲ್ಲದೆ ಎಡಕ್ಕೆ ಒತ್ತುತ್ತಾನೆ. ನಮ್ಮ ಭಾಗದಲ್ಲಿ ಆ ಎಡ ಅಂಚಿನಾಚೆ ಇರುವುದು ಎರೆಮಣ್ಣು. ಬೇಸಿಗೆಯಲ್ಲಿ ಬಿರಿಯುವ, ಮಳೆಯಲ್ಲಿ ಉಬ್ಬಿ ಮೆತ್ತಗಾಗುವ ಮಣ್ಣು. ಅದರಾಚೆ ನೀರು ನಿಂತ ಗದ್ದೆ. ಹಿಂದಿನ ಎಡಗಾಲಿ ಡಾಂಬರು ಬಿಟ್ಟು ಕೆಳಗಿಳಿದರೆ ಮೂವತ್ತು ಟನ್ ಅಕ್ಕಿ ಒಂದು ಮಗ್ಗುಲಿಗೆ ವಾಲುತ್ತದೆ. ಗಾಬರಿಯಿಂದ ಬಲಕ್ಕೆ ಎಳೆದರೆ ಗಾಡಿ ಮಗುಚುತ್ತದೆ. ‘ಮುಂದಿಂದು ತಾನ ಹೊಕ್ಕತಿ ತಮ್ಮಾ, ಹಿಂದಿಂದು ಎಲ್ಲೈತಿ ಅನ್ನೂದು ನೋಡು’ ಎಂದು ಉಸ್ತಾದರು ಅಂದು ಎಷ್ಟು ಸಲ ಹೇಳಿದರೋ ಲೆಕ್ಕವಿಡಲಿಲ್ಲ.

ಮಧ್ಯಾಹ್ನ ಗಿರಣಿಯ ಅಂಗಳದಲ್ಲಿ ರಿವರ್ಸ್ ಪಾಠ. ಹಿಂಭಾಗ ಎಡಕ್ಕೆ ಹೋಗಬೇಕಾದರೆ ಸ್ಟಿಯರಿಂಗ್ ಬಲಕ್ಕೆ ತಿರುಗಬೇಕು. ಅದು ತಿರುಗತೊಡಗಿದ ಕೂಡಲೇ ಸ್ಟಿಯರಿಂಗ್ ಮರಳಿಸಿ ಹಿಂಬಾಲಿಸಬೇಕು. ತುಸು ತಡವಾದರೂ ಕುದುರೆ ಮತ್ತು ಬಂಡಿ ಮಡಚಿಕೊಂಡು ಕತ್ತರಿಯಂತಾಗುತ್ತವೆ. ಹುಡುಗ ಏಳು ಸಲ ಯತ್ನಿಸಿದ. ಹಮಾಲರು ಚಹಾ ಬಿಟ್ಟು ನಗುತ್ತ ನೋಡುತ್ತಿದ್ದರು.

ನಾನು ನಗಲಿಲ್ಲ. ಸೇವೆಯಲ್ಲಿದ್ದಾಗ ಒಂದು ಪಟ್ಟಣದ ವೃತ್ತದಲ್ಲಿ ಎಡಕ್ಕೆ ತಿರುಗುತ್ತಿದ್ದ ಟ್ರೇಲರ್‌ನ ಹಿಂಗಾಲಿಗೆ ಸಿಕ್ಕು ಸೈಕಲ್ ಮೇಲಿದ್ದ ಶಾಲಾ ಬಾಲಕನೊಬ್ಬ ತೀರಿಕೊಂಡ. ಕಡತ ನನ್ನ ಮೇಜಿಗೂ ಬಂತು. ‘ಚಾಲಕನ ಅತಿವೇಗ ಮತ್ತು ನಿರ್ಲಕ್ಷ್ಯ’ ಎಂಬ ಸಿದ್ಧ ಪದಗಳ ಕೆಳಗೆ ನಾನು ಸಹಿ ಹಾಕಿದೆ. ತಿರುವಿನಲ್ಲಿ ಅತಿವೇಗವೆಲ್ಲಿಂದ ಬಂತು ಎಂದು ಕೇಳಲಿಲ್ಲ. ಆ ಚಾಲಕ ಟ್ರೇಲರ್ ಓಡಿಸುವುದನ್ನು ಎಲ್ಲಿ, ಎಷ್ಟು ದಿನ, ಯಾರಿಂದ ಕಲಿತ ಎಂಬ ಪ್ರಶ್ನೆಗೆ ನಮೂನೆಯಲ್ಲಿ ಕಾಲಂ ಇರಲಿಲ್ಲ. ಇದ್ದಿದ್ದರೂ ನಾನು ಓದುತ್ತಿದ್ದೆನೇ, ಅನುಮಾನ.

ಕಾನೂನಿಗೂ ಈ ಪ್ರಶ್ನೆಯಲ್ಲಿ ಅಷ್ಟು ಆಸಕ್ತಿಯಿಲ್ಲ. 1988ರ ಮೋಟಾರು ವಾಹನ ಕಾಯ್ದೆ ಸಾರಿಗೆ ವಾಹನ ಓಡಿಸಲು 20 ವರ್ಷ ತುಂಬಿರಬೇಕು, ಕಲಿಕಾ ಪರವಾನಗಿಗೆ ಮುನ್ನ ಒಂದು ವರ್ಷ ಲಘು ವಾಹನದ ಪರವಾನಗಿ ಇರಬೇಕು ಎನ್ನುತ್ತದೆ. 1994ರ ತಿದ್ದುಪಡಿ ಮಧ್ಯಮ, ಭಾರಿ ವಾಹನಗಳೆಂಬ ವರ್ಗಗಳನ್ನು ‘ಸಾರಿಗೆ ವಾಹನ’ ಎಂಬ ಒಂದೇ ತಲೆಬರಹದಡಿ ತಂದಿತು. ಶಿಕ್ಷೆಯ ವಿಷಯದಲ್ಲಿ ಮಾತ್ರ ನಮ್ಮ ಉತ್ಸಾಹ ದೊಡ್ಡದು. ಅಪಘಾತವೆಸಗಿ ಓಡಿಹೋದವನಿಗೆ ಹತ್ತು ವರ್ಷದವರೆಗೆ ಸೆರೆವಾಸ ವಿಧಿಸುವ ಹೊಸ ನ್ಯಾಯಸಂಹಿತೆಯ ವಿರುದ್ಧ 2024ರ ಜನವರಿಯಲ್ಲಿ ಚಾಲಕರು ಮುಷ್ಕರ ಹೂಡಿದ್ದನ್ನು ಓದುಗರು ಮರೆತಿರಲಾರರು. ಕಲಿಕೆಯ ಬಗ್ಗೆ ಅಂತಹ ಚರ್ಚೆ ನಡೆದದ್ದು ನನಗೆ ನೆನಪಿಲ್ಲ.

ಹಿಂದೆ ಈ ವಿದ್ಯೆ ಹೇಗೆ ಬರುತ್ತಿತ್ತು? ಕ್ಲೀನರ್ ಆಗಿ. ಹದಿನೇಳು ಹದಿನೆಂಟರ ಹುಡುಗ ಅಲ್ಪ ಸಂಬಳಕ್ಕೆ ಎಡಬದಿಯ ಸೀಟಿನಲ್ಲಿ ಕುಳಿತು, ಚಾಲಕನಿಗೆ ಕಾಣದ ಬದಿಯನ್ನು ನೋಡಿ, ಬಾಗಿಲು ಬಡಿದು, ‘ಬರ್ಲಿ, ಬರ್ಲಿ’ ಎನ್ನುತ್ತ ವರ್ಷಗಟ್ಟಲೆ ಗಾಡಿಯ ಅಂಗಾಂಗ ಅರಿಯುತ್ತಿದ್ದ. ಅದರಲ್ಲಿ ಬೈಗುಳವಿತ್ತು, ಶೋಷಣೆಯಿತ್ತು. ಆ ದಿನಗಳನ್ನು ಹಾಡಿ ಹೊಗಳುವ ಇಚ್ಛೆ ನನಗಿಲ್ಲ. ಆದರೆ ಕಲಿಕೆಯ ವೆಚ್ಚವನ್ನು ಅವನೇ ಕಡಿಮೆ ಕೂಲಿಯ ರೂಪದಲ್ಲಿ ತೆರುತ್ತಿದ್ದ. ಈಗ ಉಳಿತಾಯದ ಹೆಸರಿನಲ್ಲಿ ಬಹಳಷ್ಟು ಲಾರಿಗಳಲ್ಲಿ ಕ್ಲೀನರ್ ಇಲ್ಲ. ಎಡಬದಿಯ ಕಣ್ಣೂ ಹೋಯಿತು, ಪಾಠಶಾಲೆಯೂ ಹೋಯಿತು.

ಮಾಲೀಕರೇಕೆ ಕಲಿಸುವುದಿಲ್ಲ? ನಾನು ಎಂ.ಎ.ಯಲ್ಲಿ ಓದಿದ ಅರ್ಥಶಾಸ್ತ್ರ ಉಪಯೋಗಕ್ಕೆ ಬಂದ ಅಪರೂಪದ ಸಂದರ್ಭವಿದು. ಎಲ್ಲಿ ಬೇಕಾದರೂ ಸಲ್ಲುವ ವಿದ್ಯೆಗೆ ಮಾಲೀಕ ಹಣ ಹೂಡುವುದಿಲ್ಲ, ಏಕೆಂದರೆ ಕಲಿತವನು ನಾಳೆ ಪಕ್ಕದವನ ಬಳಿ ಹೋಗಬಹುದು ಎಂದು ಗ್ಯಾರಿ ಬೆಕರ್ 1964ರ ತಮ್ಮ ಗ್ರಂಥದಲ್ಲಿ ವಾದಿಸಿದ್ದರು. ನಮ್ಮೂರಿನ ಲಾರಿ ಮಾಲೀಕರೊಬ್ಬರು ಬೆಕರ್‌ನನ್ನು ಓದದೆಯೇ ಅದನ್ನು ಹೇಳಿದರು: ‘ನಾ ಕಲಸ್ತೀನ್ರಿ, ಅಂವ ಎರಡ್ ಸಾವ್ರ ಜಾಸ್ತಿ ಕೊಡೋರ ಕಡೆ ಹೊಕ್ಕಾನ.’ ಅವರ ಮಾತಿನಲ್ಲಿ ತಪ್ಪಿಲ್ಲ. ಆದರೆ ಕಲಿಯದವನ ತಪ್ಪಿಗೆ ಬೆಲೆ ತೆರುವವರು ಮಾಲೀಕರಲ್ಲ, ಸೈಕಲ್ ಮೇಲಿನ ಮಕ್ಕಳು.

ಒಬ್ಬ ಮಾಲೀಕ ಮಾಡಲಾಗದ್ದನ್ನು ಎಲ್ಲರೂ ಕೂಡಿ ಮಾಡಬಹುದು. ತಮಿಳುನಾಡಿನ ನಾಮಕ್ಕಲ್‌ನಲ್ಲಿ ಅಶೋಕ್ ಲೇಲ್ಯಾಂಡ್ ಕಂಪನಿ 1995ರಲ್ಲೇ ಚಾಲಕರ ತರಬೇತಿ ಕೇಂದ್ರ ತೆರೆಯಿತು. ನಮಗೆ ಅಷ್ಟು ದೊಡ್ಡದೇ ಬೇಕೆಂದಿಲ್ಲ. ಸುಗ್ಗಿ ಕಳೆದ ಮೇಲೆ ಎಪಿಎಂಸಿ ಪ್ರಾಂಗಣಗಳು ತಿಂಗಳುಗಟ್ಟಲೆ ಬಿಕೋ ಎನ್ನುತ್ತವೆ. ಗಿರಣಿ ಮಾಲೀಕರೂ ಲಾರಿ ಮಾಲೀಕರೂ ಕ್ವಿಂಟಲ್‌ಗೆ ಕೆಲವು ಪೈಸೆ ಕೂಡಿಸಿದರೆ ಒಂದು ಹಳೆಯ ಟ್ರೇಲರ್, ಇಬ್ಬರು ಉಸ್ತಾದರು, ಸಾಲಾಗಿ ನಿಲ್ಲಿಸಲು ಖಾಲಿ ಡ್ರಮ್ಮುಗಳು ಸಾಕು. ಎಲ್ಲರೂ ಕೊಟ್ಟಾಗ ಕಲಿತವನು ಯಾರ ಬಳಿ ಹೋದರೂ ನಷ್ಟವಿಲ್ಲ. ಡ್ರಮ್ಮು ಉರುಳಿದರೆ ಯಾರೂ ಸಾಯುವುದಿಲ್ಲ.

ಹುಡುಗ ಕಲಿತದ್ದು ಒಟ್ಟು ಹನ್ನೊಂದು ದಿನ. ಮಾಲೀಕರಿಗೆ ಅದಕ್ಕಿಂತ ಹೆಚ್ಚು ಕಾಯುವ ವ್ಯವಧಾನವಿರಲಿಲ್ಲ. ಬೆಂಗಳೂರಿಗೆ ಅಕ್ಕಿಯ ಮೊದಲ ಲೋಡು ಒಯ್ಯುವ ಹಿಂದಿನ ಸಂಜೆ ಅವನ ತಾಯಿ ನಮ್ಮ ಮನೆಗೆ ಬಂದು, ‘ಅಣ್ಣಾರ, ನೀವೂ ಸಂಗಾಟ ಹೋಗಿದ್ರೆಲ್ಲ. ಅವಂಗ ಬರತೈತೇನ್ರಿ?’ ಎಂದು ಕೇಳಿದರು. ಮುನ್ನೂರೈವತ್ತು ಕಿಲೋಮೀಟರಿಗೂ ಹೆಚ್ಚಿನ ದಾರಿ, ಪಕ್ಕದಲ್ಲಿ ಕ್ಲೀನರ್ ಇಲ್ಲ. ಉಸ್ತಾದರು ಒಳ್ಳೆಯವರು ಎಂದಷ್ಟೇ ಹೇಳಿದೆ.

ಬೆಳಿಗ್ಗೆ ಐದಕ್ಕೆ ಸದ್ದು ಕೇಳಿ ಹೊರಬಂದೆ. ಹುಡುಗ ತಾಯಿಯನ್ನು ಗಾಡಿಯ ಎಡಬದಿಯಲ್ಲಿ, ಮುಂದಿನ ಗಾಲಿಯ ಪಕ್ಕ ನಿಲ್ಲಿಸಿ ತಾನು ಮೇಲೆ ಹತ್ತಿ ಕುಳಿತಿದ್ದ. ‘ಯವ್ವಾ, ಅಲ್ಲೇ ನಿಂತೀಯೇನ? ಕಾಣವೊಲ್ಲಿ’ ಎಂದು ಕೂಗಿದ. ಆಕೆ ಒಂದು ಹೆಜ್ಜೆ ಹಿಂದೆ ಸರಿದರು. ಅವನು ಕೆಳಗಿಳಿದು ಬಂದು, ಕನ್ನಡಿಯನ್ನು ತುಸು ಕೆಳಕ್ಕೆ ಬಾಗಿಸಿ, ಮತ್ತೆ ಹತ್ತಿ ನೋಡಿದ.