ಮರೆವು ರೋಗವೂ ಮೆದುಳಿನ ಒಂದು ಪ್ರೋಟೀನೂ

ಧೀ, ಧೃತಿ, ಸ್ಮೃತಿ ಎಂಬ ಮೂರನ್ನು ಆಯುರ್ವೇದವು ಪ್ರಜ್ಞೆಯ ಅಂಗಗಳೆಂದು ಹೇಳುತ್ತದೆ. ಇವುಗಳಲ್ಲಿ ಸ್ಮೃತಿಯು ಕುಂದಿದರೆ ಮನೆಮಂದಿಯೆಲ್ಲ ಕಳವಳಗೊಳ್ಳುವರು. ಪ್ರತಿವರ್ಷ ಪೊಳಲಿ ಚೆಂಡಿಗೆ ತಪ್ಪದೆ ಹೋಗುತ್ತಿದ್ದ ಹಿರಿಯರು ದೇವಸ್ಥಾನದ ದಾರಿಯನ್ನೇ ಮರೆತಾಗ ‘ಅರವತ್ತಕ್ಕೆ ಅರಳುಮರುಳು’ ಎಂದು ಸುಮ್ಮನಾಗುವವರುಂಟು. ‘ಇದು ನಮ್ಮ ವಂಶದ ರೋಗ’ ಎಂದು ಹೆದರಿ ಮುಚ್ಚಿಡುವವರೂ ಉಂಟು. ಈ ಎರಡೂ ಸರಿಯಲ್ಲ. ಏಕೆಂಬುದನ್ನು ಇಲ್ಲಿ ವಿವರಿಸುತ್ತೇವೆ.

ಮುಪ್ಪಿನ ಮರೆವಿಗೆ ಬಹುಮುಖ್ಯ ಕಾರಣ ಆಲ್ಝೈಮರ್ ರೋಗ. ಜರ್ಮನಿಯ ವೈದ್ಯ ಆಲೋಯಿಸ್ ಆಲ್ಝೈಮರ್ 1906ರಲ್ಲಿ ಇದನ್ನು ಮೊದಲು ವರದಿ ಮಾಡಿದರು. ಇಂತಹ ರೋಗಿಗಳ ಮೆದುಳಿನಲ್ಲಿ ನರಕೋಶಗಳ ನಡುವೆ ಅಮಿಲಾಯ್ಡ್ ಎಂಬ ಅಂಟು ಪದಾರ್ಥ ಸಂಚಯಗೊಂಡಿರುತ್ತದೆ. ಇದರ ಮೂಲ ಎಪಿಪಿ ಎಂಬ ಪ್ರೋಟೀನು. ಗೋಡೆಯನ್ನು ತೂರಿ ನಿಂತ ತೊಲೆಯಂತೆ ಇದು ಕೋಶದ ಪೊರೆಯಲ್ಲಿ ನೆಲೆಸಿದ್ದು, ಇದರ ಬಹುಭಾಗ ಕೋಶದ ಹೊರಗೂ ಗಿಡ್ಡ ಬಾಲವು ಒಳಗೂ ಇರುತ್ತದೆ. ನರಕೋಶಗಳ ಬೆಳವಣಿಗೆಯಲ್ಲಿಯೂ ಪರಸ್ಪರ ಜೋಡಣೆಯಲ್ಲಿಯೂ ಇದಕ್ಕೆ ಪಾತ್ರವಿದೆ. ಆದುದರಿಂದ ಇದು ಸ್ವಭಾವತಃ ಶತ್ರುವಲ್ಲ.

ಕಿಣ್ವಗಳು ಈ ಪ್ರೋಟೀನನ್ನು ಕತ್ತರಿಸುತ್ತಲೇ ಇರುತ್ತವೆ. ಒಂದು ಬಗೆಯ ಕತ್ತರಿಕೆಯಿಂದ ತೊಂದರೆಯಿಲ್ಲ. ಇನ್ನೊಂದು ಬಗೆಯಲ್ಲಿ ಸುಮಾರು 40 ಅಮೈನೋ ಆಮ್ಲಗಳ ತುಣುಕು ಹೊರಬೀಳುತ್ತದೆ. 42 ಆಮ್ಲಗಳ ತುಣುಕು ಹೆಚ್ಚು ಅಂಟುವ ಗುಣವುಳ್ಳದ್ದು. ಆರೋಗ್ಯವಂತರಲ್ಲಿಯೂ ಈ ತುಣುಕು ಹುಟ್ಟುತ್ತದೆ. ದೇಹವು ಅದನ್ನು ಹೊರಹಾಕುತ್ತದೆ. ಹುಟ್ಟುವುದಕ್ಕಿಂತ ಹೊರಹೋಗುವುದು ಕಡಿಮೆಯಾದಾಗ ಅದು ಶೇಖರವಾಗುತ್ತದೆ.

ಎಪಿಪಿಯನ್ನು ರೂಪಿಸುವ ವಂಶವಾಹಿ 21ನೆಯ ವರ್ಣತಂತುವಿನಲ್ಲಿರುವುದು 1987ರಲ್ಲಿ ತಿಳಿದುಬಂತು. ಡೌನ್ ಸಿಂಡ್ರೋಮ್ ಉಳ್ಳವರಲ್ಲಿ ಈ ವರ್ಣತಂತು ಮೂರು ಇರುವುದರಿಂದ ಅವರಿಗೆ ಈ ರೋಗ ನಡುವಯಸ್ಸಿನಲ್ಲಿಯೇ ಬರುವ ಸಂಭವ ಹೆಚ್ಚು. ಈ ವಂಶವಾಹಿಯ ಕೆಲವು ದೋಷಗಳು ತಂದೆ ಅಥವಾ ತಾಯಿಯಿಂದ ಮಕ್ಕಳಿಗೆ ಬಂದು, 65ಕ್ಕೆ ಮೊದಲೇ ರೋಗವನ್ನು ತರುವುದುಂಟು; ಆದರೆ ಅಂತಹ ಕುಟುಂಬಗಳು ಅತಿ ವಿರಳ. ಇದೇ ವಂಶವಾಹಿಯ ಒಂದು ವ್ಯತ್ಯಾಸವು ರೋಗದಿಂದ ರಕ್ಷಿಸುವುದೆಂದು 2012ರಲ್ಲಿ ಐಸ್‌ಲ್ಯಾಂಡಿನ ಸಂಶೋಧಕರು ತೋರಿಸಿದರು. ಬಹುಪಾಲು ರೋಗಿಗಳಲ್ಲಿ ವಯಸ್ಸಿನೊಡನೆ ಮಧುಮೇಹ, ರಕ್ತದೊತ್ತಡ, ಧೂಮಪಾನ, ಕಿವುಡುತನಗಳೂ ಅಪಾಯವನ್ನು ಹೆಚ್ಚಿಸುತ್ತವೆ. ಅಜ್ಜಿಗೆ ಮುಪ್ಪಿನಲ್ಲಿ ಮರೆವು ಬಂದಿತೆಂದು ಮೊಮ್ಮಗಳ ಮದುವೆಗೆ ಅಡ್ಡಿ ಮಾಡುವುದು ಅನ್ಯಾಯ.

ನಮ್ಮ ನಾಡಿನಲ್ಲಿಯೂ ಈ ಕುರಿತ ಅಧ್ಯಯನ ನಡೆದಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ದಾನವಾಗಿ ಬಂದ ಮೆದುಳುಗಳ ಸಂಗ್ರಹಾಲಯವಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ಮೆದುಳು ಸಂಶೋಧನಾ ಕೇಂದ್ರವು ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ 45 ದಾಟಿದವರ ಸ್ಮರಣಶಕ್ತಿಯನ್ನು ವರ್ಷವರ್ಷವೂ ಪರೀಕ್ಷಿಸುತ್ತಿದೆ.

ತಿಮರೆ ಚಟ್ನಿಯನ್ನೋ ಬ್ರಾಹ್ಮೀ ಘೃತವನ್ನೋ ಸೇವಿಸಿದರೆ ಈ ಅಂಟು ಕರಗುವುದೇ ಎಂದು ಅನೇಕರು ನಮ್ಮನ್ನು ಕೇಳುತ್ತಾರೆ. ಕರಗುವುದೆಂಬುದಕ್ಕೆ ಆಧಾರವಿಲ್ಲ, ಅಂತಹ ಭರವಸೆ ಕೊಟ್ಟು ಹಣ ಕೇಳುವವರನ್ನು ನಂಬಬಾರದು. ಬಿ12 ಜೀವಸತ್ವದ ಕೊರತೆ, ಥೈರಾಯ್ಡ್ ದೋಷ, ಖಿನ್ನತೆಗಳಿಂದಲೂ ಮರೆವು ಬರುತ್ತದೆ, ಚಿಕಿತ್ಸೆಯಿಂದ ಅದು ಸುಧಾರಿಸಬಲ್ಲದು. ಆದುದರಿಂದ ಹಿರಿಯರನ್ನು ಮೊದಲು ನರರೋಗ ತಜ್ಞರಲ್ಲಿಗೆ ಕರೆದೊಯ್ಯಿರಿ. ಕೇಳಿದ್ದನ್ನೇ ಮತ್ತೆ ಕೇಳಿದಾಗ ಗದರದೆ ಉತ್ತರಿಸಿರಿ. ಮರೆತವರು ಹಟಮಾರಿಗಳಲ್ಲ, ರೋಗಿಗಳು.