ಹಿಮದ ಹಾದಿಯಲ್ಲಿ ಏಳೂವರೆ ಕಿಲೋಮೀಟರು

ಹಿಮದ ಆಟವೆಂದೊಡನೆ ಬೆಟ್ಟದ ನೆತ್ತಿಯಿಂದ ಧುಮ್ಮಿಕ್ಕುವ ಸಾಹಸಿಗಳು ನಮ್ಮ ಕಣ್ಣಿಗೆ ಕಟ್ಟುತ್ತಾರೆ. ಆದರೆ ಇಳಿಯುವಷ್ಟೇ ಏರಲೂ ಬೇಕಾದ ಇನ್ನೊಂದು ಸ್ಕೀ ಪಂದ್ಯವುಂಟು. ಅದೇ ಕ್ರಾಸ್ ಕಂಟ್ರಿ. ಅಂತರರಾಷ್ಟ್ರೀಯ ಪಂದ್ಯದ ಹಾದಿಯಲ್ಲಿ ಸುಮಾರು ಮೂರರಲ್ಲೊಂದು ಪಾಲು ಏರು, ಅಷ್ಟೇ ಇಳಿಜಾರು, ಉಳಿದದ್ದು ಉಬ್ಬುತಗ್ಗಿನ ನೆಲ.

ಮುಂದಕ್ಕೆ ಜಾರುವ ಹಲಗೆ ಏರಿನಲ್ಲಿ ಹಿಂದಕ್ಕೆ ಜಾರದೇಕೆ? ಸಾಂಪ್ರದಾಯಿಕ ಶೈಲಿಯ ಸ್ಕೀ ಬಿಲ್ಲಿನಂತೆ ನಡುವೆ ತುಸು ಮೇಲಕ್ಕೆ ಬಾಗಿರುತ್ತದೆ. ಎರಡು ಕಾಲಿನ ಮೇಲೂ ಭಾರ ಹಂಚಿದಾಗ ಅದರ ತುದಿಗಳು ಮಾತ್ರ ಹಿಮಕ್ಕೆ ತಾಗಿ ಜಾರುತ್ತವೆ. ಒಂದೇ ಕಾಲನ್ನು ಬಲವಾಗಿ ಊರಿದಾಗ ನಡುಭಾಗವೂ ನೆಲ ಮುಟ್ಟುತ್ತದೆ. ಅಲ್ಲಿ ಬಳಿದಿರುವ ಅಂಟುಮೇಣ ಹಿಮವನ್ನು ಕ್ಷಣಕಾಲ ಹಿಡಿದುಕೊಳ್ಳುತ್ತದೆ. ಆ ಹಿಡಿತವನ್ನು ಒದ್ದೇ ಮುಂದೆ ಸಾಗಬೇಕು. ಮೇಣವೂ ಎಲ್ಲ ದಿನಕ್ಕೆ ಒಂದೇ ಅಲ್ಲ. ಹಿಮದ ತಂಪು, ತೇವಗಳನ್ನು ನೋಡಿ ಆರಿಸಬೇಕು. ಶೂನ್ಯ ಡಿಗ್ರಿಯ ಆಸುಪಾಸಿನಲ್ಲಿ ಬಿದ್ದ ಹೊಸ ಹಿಮ ಎಂಥ ಅನುಭವಿಯನ್ನೂ ಕಂಗೆಡಿಸುತ್ತದೆ. ಕಾಲಿನಲ್ಲಿ ಎಷ್ಟೇ ಕಸುವಿದ್ದರೂ ಮೇಣ ಕೈಕೊಟ್ಟಿತೆಂದರೆ ಮುಗಿಯಿತು. ಶ್ರೀಮಂತ ತಂಡಕ್ಕೂ ಬಡ ತಂಡಕ್ಕೂ ಇರುವ ಅಂತರ ಎದ್ದು ಕಾಣುವುದು, ನನ್ನ ಮಟ್ಟಿಗೆ, ಇಲ್ಲಿಯೇ.

15ರಿಂದ 18ರ ವಯಸ್ಸಿನವರಿಗಾಗಿ ಚಳಿಗಾಲದ ಯುವ ಒಲಿಂಪಿಕ್ಸ್ 2012ರಲ್ಲಿ ಆಸ್ಟ್ರಿಯದ ಇನ್ಸ್‌ಬ್ರುಕ್‌ನಲ್ಲಿ ಆರಂಭವಾಯಿತು. ಆಗ ದೂರದ ಓಟ ಹುಡುಗಿಯರಿಗೆ 5 ಕಿಲೋಮೀಟರು, ಹುಡುಗರಿಗೆ 10. 2016ರಲ್ಲಿ ನಾರ್ವೆಯ ಲಿಲ್ಲೆಹ್ಯಾಮರ್‌ನಲ್ಲಿ, 2020ರಲ್ಲಿ ಸ್ವಿಟ್ಜರ್‌ಲೆಂಡಿನ ಲೊಸಾನ್ ಕೂಟದಲ್ಲಿಯೂ ಲೆಕ್ಕ ಅದೇ. 2024ರ ಜನವರಿಯಲ್ಲಿ ದಕ್ಷಿಣ ಕೊರಿಯದ ಗ್ಯಾಂಗ್‌ವಾನ್‌ನಲ್ಲಿ ಅದು ಬದಲಾಯಿತು: ಇಬ್ಬರಿಗೂ ಏಳೂವರೆ ಕಿಲೋಮೀಟರು. ಇಬ್ಬರು ಹುಡುಗಿಯರೂ ಇಬ್ಬರು ಹುಡುಗರೂ ತಲಾ 5 ಕಿಲೋಮೀಟರು ಸಾಗುವ ಮಿಶ್ರ ರಿಲೇಯೂ ಅಲ್ಲಿತ್ತು.

ಈ ಬದಲಾವಣೆ ಸಣ್ಣದೆಂದು ತೋರಬಹುದು. ಗಂಡಸರು 1924ರ ಶಾಮೊನಿ ಒಲಿಂಪಿಕ್ಸಿನಲ್ಲಿಯೇ 50 ಕಿಲೋಮೀಟರು ಸಾಗಿದ್ದರು. ಹೆಂಗಸರಿಗೆ ಈ ಆಟದಲ್ಲಿ ಒಲಿಂಪಿಕ್ ಪ್ರವೇಶ ದೊರೆತದ್ದು 1952ರಲ್ಲಿ, ಓಸ್ಲೋದಲ್ಲಿ. ಅದೂ 10 ಕಿಲೋಮೀಟರಿನ ಒಂದೇ ಓಟ. ಮುಂದೆ ಓಟಗಳು ಹೆಚ್ಚಿದರೂ ದೂರ ಸಮನಾಗಲಿಲ್ಲ. ಕೊನೆಗೆ ಅಂತರರಾಷ್ಟ್ರೀಯ ಸ್ಕೀ ಒಕ್ಕೂಟ 2022–23ರ ಋತುವಿನಿಂದ ವಿಶ್ವಕಪ್ಪಿನಲ್ಲಿ ಸಮದೂರವನ್ನು ಜಾರಿಗೆ ತಂದಿತು.

ಎದುರುವಾದ ಇರಲಿಲ್ಲವೆಂದಲ್ಲ. ಸಮವಾಗಬೇಕಾದುದು ದೂರವೋ, ಹಾದಿಯಲ್ಲಿ ಕಳೆಯುವ ಹೊತ್ತೋ ಎಂಬುದು ಅದರ ತಿರುಳು. ಅದೇ ಹಾದಿಗೆ ಹುಡುಗಿಯರು ಸಾಮಾನ್ಯವಾಗಿ ಹೆಚ್ಚು ನಿಮಿಷ ತೆಗೆದುಕೊಳ್ಳುತ್ತಾರೆ. ದೂರ ಒಂದೇ ಆದರೆ ದಣಿವು ಅವರ ಪಾಲಿಗೆ ಹೆಚ್ಚಲ್ಲವೆ? ಮಾತಿನಲ್ಲಿ ಹುರುಳಿಲ್ಲದಿಲ್ಲ. ಆದರೆ ಹತ್ತರ ಮುಂದೆ ಐದನ್ನು ಇಟ್ಟಾಗ ಹದಿನಾರರ ಹುಡುಗಿ ಓದಿಕೊಳ್ಳುವುದು ನಿಮಿಷದ ಲೆಕ್ಕವನ್ನಲ್ಲ, ತನ್ನ ಅಳವಿನ ಲೆಕ್ಕವನ್ನು. ಅದಕ್ಕೆ ತಕ್ಕಂತೆಯೇ ಅವಳ ಅಭ್ಯಾಸವೂ ಸಾಗುತ್ತದೆ. ಗ್ಯಾಂಗ್‌ವಾನ್‌ನ ಏರ್ಪಾಡಿನಲ್ಲಿ ಹುಡುಗಿಯರ ದೂರವನ್ನು ಏರಿಸಿದರು, ಹುಡುಗರದನ್ನು ಇಳಿಸಿದರು. ಬೆಳೆಯುವ ಮೈಗೆ ಇದು ಹಿತವಾದ ನಡುದಾರಿಯೆಂದೇ ನನಗೆ ತೋರುತ್ತದೆ.

2025ರಲ್ಲಿ ನಾರ್ವೆಯ ಟ್ರೊಂಡ್‌ಹೈಮ್‌ನ ವಿಶ್ವ ಚಾಂಪಿಯನ್‌ಷಿಪ್ಪಿನಲ್ಲಿ ಹೆಂಗಸರು ಮೊದಲ ಬಾರಿಗೆ 50 ಕಿಲೋಮೀಟರಿನ ಓಟಕ್ಕೆ ಹೊರಟರು. ಗೆದ್ದವಳು ಸ್ವೀಡನ್ನಿನ ಫ್ರಿದಾ ಕಾರ್ಲ್‌ಸನ್.